ಬಾಡಿಗೆ ಗಂಟ್ಲು

ಚೌಡಯ್ಯ ಸತ್ತ ಸುದ್ದಿ ಬಂದಾಗ ಅಂಜನ್ ಕುಮಾರ ಬೆಳ್ಳುಳ್ಳಿ ಮಾರೋ ವಿಲನ್ ಆಗಿದ್ದ. ಮೆಟ್ಲು ಕೆಳಗೆ ಗೂಡಿನಂಥ ರೂಮು, ಎಕೋ ತಡ್ಯಕ್ಕೆ ಗೋಡೆ ತುಂಬ ಅಂಟ್ಸಿರೋ ಮೊಟ್ಟೆ ಟ್ರೇ, ತಲೆ ಮೇಲೆ ಹೊದ್ಕೊಂಡಿರೋ ಕಂಬಳಿ, ಕಂಬಳಿ ಒಳ್ಗೆ ತಳ್ಳೋ ಗಾಡಿಯೋರ ಪ್ರಚಾರ ರೆಕಾರ್ಡ್ ಮಾಡ್ತಿರೋ ಮೊಬೈಲು. ಹೊಟ್ಟೆ ತಳದಿಂದ ಗಾಳಿ ಎಳ್ಕೊಂಡು, ಇಲ್ದಿರೋ ಮೀಸೆ ತಿರುವ್ಕೊಂಡು, ‘ಏಯ್! ಈ ಊರಲ್ಲಿ ಸೂರ್ಯ ಹುಟ್ಬೇಕು ಅಂದ್ರೂ ನನ್ನ ಕೇಳ್ಬೇಕು. ಅಂಥಾದ್ರಲ್ಲಿ ನನ್ನ ಕೇಳ್ದೆ ನಿನ್ ಅಡ್ಗೆಮನೇಲಿ ಒಗ್ಗರಣೆ ಬಿತ್ತಾ? ತಗೋ ತಾಯಿ, ನಾಟಿ ಬೆಳ್ಳುಳ್ಳಿ!’ ಅಂತ ಒಂದೇ ಉಸ್ರಿಗೆ ಬುಟ್ಟ. ಒಂದಕ್ಷರ ಎಡವ್ಲಿಲ್ಲ. ವಿಲನ್ ಯಾವತ್ತೂ ಎಡವಲ್ಲ. ಹೀರೋನೂ ಎಡವಲ್ಲ, ಹೀರೋ ಅಮ್ಮ ಕೆಮ್ಕೊಂಡು ಸಾಯೋ ಸೀನಲ್ಲೂ ಪೂರ್ತಿ ಎರಡು ಪೇಜು ಡೈಲಾಗ್ ಹೇಳಿಯೇ ಸಾಯ್ತಾಳೆ. ಎಡವೋನು ಅಂಜನ್ ಕುಮಾರ ಮಾತ್ರ, ಅದೂ ಅಂಜನ್ ಕುಮಾರ ಆಗಿದ್ದಾಗ ಮಾತ್ರ. ಬೇರೆಯೋರ ಗಂಟ್ಲಲ್ಲಿ ಎಷ್ಟು ಬೇಕಾದ್ರೂ ಮಾತಾಡ್ತಾನೆ, ಸ್ವಂತ ಗಂಟ್ಲಿಗೆ ಬಂದ ತಕ್ಷಣ ಮಾತು ಬಾಗ್ಲಲ್ಲೇ ನಿಂತ್ಬುಡ್ತೈತೆ, ಚಪ್ಲಿ ಬಿಡ್ಲಾ ಬ್ಯಾಡ್ವಾ ಅಂತ ಯೋಚ್ನೆ ಮಾಡೋ ನೆಂಟ್ರ ಥರ.

‘ಅಂಜನ್.’

ಕಂಬಳಿ ತೆಗ್ದ. ಬಾಗ್ಲಲ್ಲಿ ಭುವನಾ ನಿಂತಿದ್ಲು. ಊರಿಗೆ ಸಾವು ಸಾರೋ ಮೈಕಿನ ಚೌಡಯ್ಯನ ಮಗ್ಳು. ತಾಲ್ಲೂಕಾಫೀಸಿನ ಎದ್ರು ಜೆರಾಕ್ಸ್ ಅಂಗ್ಡೀಲಿ ಕೂರೋಳು, ಇವ್ನ ಬಿ.ಕಾಂ ಮಾರ್ಕ್ಸ್ ಕಾರ್ಡನ್ನ ಇವ್ನಿಗಿಂತ ಜಾಸ್ತಿ ಸಲ ನೋಡಿರೋಳು. ಫೋನ್ ಮಾಡ್ಲಿಲ್ಲ, ನಡ್ಕೊಂಡು ಬಂದಿದ್ಲು. ಇವ್ನು ಫೋನ್ ಎತ್ತಲ್ಲ ಅಂತ ಊರಿಗೇ ಗೊತ್ತು. ‘ಕುಮಾರ್ ಸೌಂಡ್ಸ್’ ಬೋರ್ಡಲ್ಲೂ ನಂಬರಿನ ಪಕ್ಕ ‘ವಾಟ್ಸಾಪ್ ಮಾತ್ರ’ ಅಂತ ಬರ್ಸವ್ನೆ. ಅಂಜನ್ ಸೌಂಡ್ಸ್ ಅಂತ ಬರ್ಸಿದ್ರೆ ಯಾರಾದ್ರೂ ಅಂಗ್ಡಿ ಹೆಸ್ರು ಕೇಳ್ದಾಗ ಆ ‘ಅ’ ಹೇಳ್ಬೇಕಾಗ್ತಿತ್ತಲ್ಲ.

‘ಅಪ್ಪ ಹೋದ್ರು,’ ಅಂದ್ಲು ಭುವನಾ. ‘ಬೆಳಿಗ್ಗೆ ಐದೂವರೆಗೆ. ಎದೆ ಇಡ್ಕೊಂಡ್ತು ಅಂದ್ರು. ನೀರು ತರೋ ಅಷ್ಟ್ರಲ್ಲಿ ಆಗೋಯ್ತು.’

ಈಗ ಒಂದು ಮಾತು ಹೇಳ್ಬೇಕು. ಪ್ರಪಂಚ್ದಲ್ಲಿ ಯಾರು ಸತ್ರೂ ಯಾರ್ ಬೇಕಾದ್ರೂ ಹೇಳೋ ಮಾತು, ಎರಡಕ್ಷರ, ‘ಅಯ್ಯೋ’. ಅಂಜನ್ ಬಾಯಿ ತೆಗ್ದ. ಅ ಬರ್ಲಿಲ್ಲ. ಅದಕ್ಕೆ ಸೌಂಡೂ ಇಲ್ಲ, ತೊದ್ಲೋ ಅಂತ ಸುಖಾನೂ ಇಲ್ಲ, ಗಂಟ್ಲು ಒಳ್ಗೆ ಯಾರೋ ಶಟರ್ ಎಳ್ದಂಗೆ. ಬಾಯಿ ತೆಕ್ಕೊಂಡು, ಕತ್ತಿನ ನರ ಉಬ್ಬುಸ್ಕೊಂಡು, ಕಣ್ಣು ರೆಪ್ಪೆ ಹೊಡ್ಕೊಂಡು ನಿಂತ. ಭುವನಾ ನೋಡಿದ್ಲು. ಆಮೇಲೆ ಅವ್ಳೇ ಮುಖ ಬೇರೆ ಕಡೆ ತಿರುಗ್ಸಿ ಮೊಟ್ಟೆ ಟ್ರೇ ಎಣಿಸ್ದಂಗೆ ಮಾಡಿದ್ಲು. ಅವ್ರಪ್ಪನದೂ ಇದೇ ಅಭ್ಯಾಸ. ಇವ್ನು ಸಿಕ್ಕಾಕ್ಕೊಂಡಾಗೆಲ್ಲ ಚೌಡಯ್ಯ ಬೀಡಿ ಹಚ್ಚಿ ಬೆಟ್ಟದ ಕಡೆ ನೋಡ್ತಾ ನಿಲ್ತಿದ್ದ, ಮಳೆ ನಿಲ್ಲೋವರ್ಗೂ ಅಂಗ್ಡಿ ಸೂರಡೀಲಿ ನಿಂತೋನ್ ಥರ. ವಾಕ್ಯ ಪೂರ್ತಿ ಮಾಡ್ತಿರ್ಲಿಲ್ಲ. ಅಮ್ಮ ಮಾಡ್ತಾಳೆ. ಅಮ್ಮ ರಾಧಾಮಣಿ ಇಪ್ಪತ್ತಾರು ವರ್ಷದಿಂದ ಇವ್ನ ವಾಕ್ಯಗಳ್ನ ಪೂರ್ತಿ ಮಾಡ್ತಾ ಬಂದವ್ಳೆ, ಅರ್ಧ ಸಲ ತಪ್ಪಾಗಿ. ಮಜ್ಜಿಗೆ ಕೇಳಕ್ಕೆ ಹೋಗಿ ಎಷ್ಟೋ ಸಲ ಮುದ್ದೆ ತಿಂದವ್ನೆ.

‘ಮಣ್ಣು ಮೂರ್ಗಂಟೆಗೆ,’ ಅಂದ್ಲು ಭುವನಾ. ‘ಕೊಡಿಗೇನಹಳ್ಳಿ ಕಡೆಯೋರೂ ಬರ್ಬೇಕು. ಅನೌನ್ಸ್ ಮಾಡ್ಬೇಕು ಅಂಜನ್. ಗಂಗಯ್ಯಣ್ಣನ ಆಟೋಗೆ ಹೇಳಿದೀನಿ, ಮೈಕು ಅಪ್ಪಂದೇ ಐತೆ.’ ಬಾಗ್ಲ ಚಿಲ್ಕ ಹಿಡ್ಕೊಂಡ್ಲು. ‘ಸಿನ್ಮಾ ವಾಯ್ಸ್ ಬ್ಯಾಡ. ರೆಕಾರ್ಡಿಂಗೂ ಬ್ಯಾಡ. ಅಪ್ಪನ ರೂಲ್ಸು ನಿಂಗೆ ಗೊತ್ತಲ್ಲ. ನಿನ್ ವಾಯ್ಸಲ್ಲಿ ಹೇಳು, ಅಷ್ಟೆ.’

ಹಳೇ ನೋಟ್‌ಬುಕ್ ಒಂದನ್ನ ಅವ್ನ ಕೈಗೆ ಇಟ್ಟು ಹೊಂಟೋದ್ಲು. ಶಿಕ್ಷೆ ಕೊಟ್ಲಾ, ಮರ್ಯಾದೆ ಕೊಟ್ಲಾ? ಅವ್ಳ ಮುಖದಲ್ಲಿ ಎರಡೂ ಇತ್ತು, ಎರಡೂ ಇರ್ಲಿಲ್ಲ. ಸಿನ್ಮಾದಲ್ಲಾದ್ರೆ ಇಂಥ ಕಡೆ ಮ್ಯೂಸಿಕ್ ಕೊಟ್ಟು ಹೇಳ್ತಾರೆ, ಕೋಪಕ್ಕೆ ಡ್ರಮ್ಮು, ಕರುಣೆಗೆ ಪಿಟೀಲು. ಇಲ್ಲಿ ಮೇಲ್ಗಡೆ ಮನೆಯೋರ ಮಿಕ್ಸಿ ಸೌಂಡ್ ಅಷ್ಟೆ.

ನೋಟ್‌ಬುಕ್ ಮೊದಲ ಪೇಜಲ್ಲಿ ಚೌಡಯ್ಯನ ದಪ್ಪಕ್ಷರ. ‘ಮಧುಗಿರಿ ಮಹಾಜನತೆಗೆ ತಿಳಿಯಪಡಿಸುವುದೇನೆಂದರೆ,’ ಆಮೇಲೆ ಒಂದು ಖಾಲಿ ಗೆರೆ, ‘ರವರು ಇಂದು ಬೆಳಿಗ್ಗೆ ದೈವಾಧೀನರಾಗಿರುತ್ತಾರೆ.’ ಮುಂದಿನ ಪೇಜುಗಳ ತುಂಬ ಆ ಖಾಲಿ ಗೆರೇಲಿ ಕೂತು ಹೋದೋರ ಹೆಸ್ರುಗಳು, ಮೂವತ್ತು ವರ್ಷದ್ದು. ಚೌಡಯ್ಯನ ತಾತ ತಮಟೆ ಬಡ್ಕೊಂಡು ಸುದ್ದಿ ಸಾರ್ತಿದ್ದೋನು, ಅಪ್ಪಾನೂ ಅದೇ. ‘ನನ್ ಕೈಗೂ ತಮಟೆ ಬಂತು, ಯೋಳ್ದೆ, ಇದು ನಂಗ್ ಬ್ಯಾಡ ಅಂತ,’ ಅಂತ ಒಂದ್ಸಲ ಟೀ ಅಂಗ್ಡೀಲಿ ಹೇಳಿದ್ದ. ‘ಅದು ಬಡ್ದಾಗ ಜನ ಸುದ್ದಿ ಕೇಳೋರು, ಬಡ್ದೋನ್ನ ನೋಡ್ದೇ ಇದ್ದಂಗೆ ಓಗೋರು. ಬೆಂಗ್ಳೂರಿಂದ ಒಂದು ಹಳೇ ಆಂಪ್ಲಿಫೈರ್ ತಂದೆ. ಮೈಕ್ ಇಡ್ದೋನ್ನ ಯಾರೂ ಅತ್ಲಾಗ್ ನಿಂತ್ಕೋ ಅನ್ನಕ್ಕಾಗಲ್ಲ ಕಣ್ಲಾ, ವೈರ್ ಉದ್ದ ಇರಲ್ಲ.’ ನಕ್ಕಿದ್ದ. ಅವ್ನದು ಒಂದೇ ರೂಲ್ಸು. ಮೆಂತೆ ಸೊಪ್ಪು, ಈರುಳ್ಳಿ, ದಾಳಿಂಬೆ ಸೀಜನ್ನು, ಸರ್ಕಸ್ಸು, ಯಾವುದ್ನ ಬೇಕಾದ್ರೂ ರೆಕಾರ್ಡ್ ಹಾಕ್ಬೋದು. ಸಾವನ್ನ ಮಾತ್ರ ಬಾಯಲ್ಲೇ ಹೇಳ್ಬೇಕು, ಅವತ್ತೇ, ಬದುಕಿರೋ ಬಾಯಲ್ಲಿ. ‘ಸತ್ತೋರ್ ಹೆಸ್ರುನ್ನ ಮಷಿನ್ ಕೈಲಿ ಯೋಳಿಸ್ಬಾರ್ದು. ಒಬ್ಬ ಮನ್ಸ ಉಸ್ರು ಖರ್ಚು ಮಾಡ್ಬೇಕು.’

ಅಂಥೋನ ಗಂಟ್ಲನ್ನ ಅಂಜನ್ ಕದ್ದಿದ್ದ. ಕದ್ದಿದ್ದ ಅಂದ್ರೆ ತಮಾಷೆಗೆ. ಹೋದ ವರ್ಷ ಟೊಮೇಟೊ ರೇಟು ಬಿದ್ದೋದಾಗ, ತಳ್ಳೋ ಗಾಡಿ ಕದಿರಯ್ಯ ಏನಾದ್ರೂ ಹೊಸ್ದು ಮಾಡ್ಕೊಡಪ್ಪ ಅಂದಾಗ, ಇವ್ನು ಕಂಬಳಿ ಹೊದ್ಕೊಂಡು ಚೌಡಯ್ಯನ ಆ ಸಪಾಟು, ಏರಿಳ್ತ ಇಲ್ದಿರೋ, ಮೂಗಿಂದ ಬರೋ ವಾಯ್ಸಲ್ಲಿ ಹೇಳ್ಬುಟ್ಟ: ‘ಮಧುಗಿರಿ ಮಹಾಜನತೆಗೆ ತಿಳಿಯಪಡಿಸುವುದೇನೆಂದರೆ, ಟೊಮೇಟೊ ರೇಟುರವರು ಇಂದು ಬೆಳಿಗ್ಗೆ ದೈವಾಧೀನರಾಗಿರುತ್ತಾರೆ. ಅಂತಿಮ ದರ್ಶನಕ್ಕೆ ಚೀಲ ಸಮೇತ ಬರತಕ್ಕದ್ದು.’ ಊರು ಬಿದ್ದು ಬಿದ್ದು ನಗ್ತು. ಕೊರಟಗೆರೆ, ಸಿರಾ, ಪಾವಗಡದವರ್ಗೂ ಸ್ಟೇಟಸ್ ಹಾಕ್ಕೊಂಡ್ರು. ಬ್ಲಾಕ್‌ಬಸ್ಟರ್! ‘ಕುಮಾರ್ ಸೌಂಡ್ಸ್’ ಹೆಸ್ರು ಮಾಡಿದ್ದೇ ಅವತ್ತು. ಮೂರ್ನೇ ದಿನ ಬಸ್‌ಸ್ಟ್ಯಾಂಡ್ ಟೀ ಅಂಗ್ಡಿ ಮುಂದೆ ಗಾಡಿ ಕೂಗ್ಕೊಂಡು ಹೋಗ್ತಿತ್ತು, ಅಲ್ಲೇ ಚೌಡಯ್ಯ ನಿಂತಿದ್ದ, ಗ್ಲಾಸು ಕೈಲಿ ಹಿಡ್ಕೊಂಡು, ತನ್ನ ಗಂಟ್ಲು ಟೊಮೇಟೊ ಮಾರೋದ್ನ ಕೇಳ್ತಾ. ಪೂರ್ತಿ ಕೇಳ್ದ. ಆಮೇಲೆ ಪಕ್ಕದಲ್ಲಿದ್ದ ಅಂಜನ್ ಕಡೆ ತಿರುಗಿ, ‘ನನಗಿಂತ ಚೆನ್ನಾಗಿ ಯೋಳ್ದೆ ಕಣ್ಲಾ,’ ಅಂದ. ಅಷ್ಟೆ. ಅವತ್ತಿಂದ ಏನಾಯ್ತು ಅಂದ್ರೆ, ಚೌಡಯ್ಯ ನಿಜವಾದ ಸಾವು ಹೇಳ್ಕೊಂಡು ಹೋದ್ರೂ ಜನ ಬಾಗ್ಲಲ್ಲಿ ನಿಂತು ತುಟಿ ಕಚ್ಕೊಳ್ಳೋರು. ಚೀಲ ಸಮೇತ, ಚೀಲ ಸಮೇತ ಅಂತ ಪಿಸುಗುಟ್ಟೋರು. ಒಂದ್ಸಲ ಸತ್ತೋರ ಮನೇಲೇ ಯಾರೋ ಕಿಸಕ್ ಅಂದ್ರಂತೆ. ಆಮೇಲೆ ಅವ್ನನ್ನ ಯಾರೂ ಕರೀಲಿಲ್ಲ. ಸಾಯೋರು ಸಾಯ್ತಾನೇ ಇದ್ರು, ಚೌಡಯ್ಯ ಮೈಕ್ ಒರ್ಸಿ ಇಡ್ತಾನೇ ಇದ್ದ. ಇವ್ನು ಸಾರಿ ಕೇಳ್ಬೇಕು ಅಂತ ಎರಡ್ಸಲ ಹೋದ. ಎರಡ್ಸಲಾನೂ ಗಂಟ್ಲಲ್ಲಿ ಶಟರ್. ಚೌಡಯ್ಯ ಬೀಡಿ ಹಚ್ಚಿ ಬೆಟ್ಟ ನೋಡ್ದ, ಒಂದು ಬೀಡಿ ಪೂರ್ತಿ ಕಾದ, ಇನ್ನೊಂದು ಹಚ್ಚಿ ಕಾದ. ಇವ್ನೇ ಎದ್ದು ಬಂದ್ಬುಟ್ಟ.

ಈಗ ಯೋಚ್ನೆ ಮಾಡಿದ್ರೆ ವಿಷ್ಯ ಏನಪ್ಪ ಅಂದ್ರೆ, ಇವತ್ತಿನ ಅನೌನ್ಸ್‌ನ ತಪ್ಪಿಲ್ದಂಗೆ ಮಾಡಕ್ಕೆ ಅವ್ನ ಹತ್ರ ಒಂದು ಗಂಟ್ಲು ರೆಡಿ ಐತೆ. ಚೌಡಯ್ಯಂದೇ. ಸತ್ತೋನೇ ತನ್ನ ಸಾವು ಹೇಳ್ಕೊಂಡು ಆಟೋದಲ್ಲಿ ರೌಂಡ್ ಹೊಡೀಬೋದು. ಕ್ಲೈಮ್ಯಾಕ್ಸ್ ಟ್ವಿಸ್ಟು. ಯೋಚ್ನೆ ಬಂದ ತಕ್ಷಣ ನಗು ಬಂತು, ನಗು ಬಂದಿದ್ದಕ್ಕೆ ಕೆನ್ನೆಗೆ ಹೊಡ್ಕೊಳ್ಳೋಣ ಅನ್ನಿಸ್ತು. ಊರೆಲ್ಲ ಟೊಮೇಟೊ ಅನ್ಕೊಂಡು ಚೀಲ ತಗೊಂಡು ಬರ್ತಾರೆ.

ಆಟೋ ಬಂತು. ಟಾಪ್ ಮೇಲೆ ಎರಡು ಭೋಂಗಾ ಸ್ಪೀಕರು, ಒಳ್ಗೆ ಚೌಡಯ್ಯನ ಆಂಪ್ಲಿಫೈರು, ಕೆಂಪು ಬಟ್ಟೆ ಸುತ್ತಿದ ಮೈಕು. ಗಂಗಯ್ಯ ಹಣೆ ಒರೆಸ್ಕೊಂಡು, ‘ಆಟೋ ಅತ್ತು ಬುಡ್ಲಾ,’ ಅಂದ. ‘ಸ್ಟೇಟ್‌ಬ್ಯಾಂಕ್ ಸರ್ಕಲ್ ಇಂದ ಸುರು ಮಾಡವಾ. ಇವತ್ ಯಾವ ಹೀರೋ?’ ಅಂಜನ್ ತಲೆ ಅಲ್ಲಾಡ್ಸಿದ. ‘ವಿಲನ್ ಬ್ಯಾಡ ಕಣಪ್ಪಾ ಸಾವ್ಗೆ. ಆ ಸಿನ್ಮಾ ಅಮ್ಮನ್ ವಾಯ್ಸ್ ಇಡ್ಕೋ, ಅಳ್ಬುರುಕಿದು.’ ಅಂಜನ್ ಮತ್ತೆ ತಲೆ ಅಲ್ಲಾಡ್ಸಿ ತನ್ನ ಎದೆ ಮುಟ್ಕೊಂಡು ತೋರ್ಸ್ದ. ಗಂಗಯ್ಯ ಕಿಕ್ಕರ್ ಎಳೆಯೋದು ನಿಲ್ಸಿ ಕನ್ನಡೀಲಿ ನೋಡ್ದ. ‘ನೀನಾ? ನಿನ್ ಬಾಯಾಗಾ? ಮಣ್ಣು ಮೂರ್ಗಂಟೆಗೆ ಕಣ್ಲಾ, ನಾಳೆ ಮೂರ್ಗಂಟೆಗಲ್ಲ.’ ತಮಾಷೆ ಚೆನ್ನಾಗಿತ್ತು. ಬೇರೆ ದಿನ ಆಗಿದ್ರೆ ಅಂಜನ್ನೂ ನಗ್ತಿದ್ದ. ತನ್ನ ಮೇಲಿನ ಜೋಕಿಗೆ ಮೊದ್ಲು ತಾನೇ ನಕ್ಕುಬುಡ್ಬೇಕು ಅನ್ನೋದನ್ನ ಮೂರ್ನೇ ಕ್ಲಾಸಲ್ಲೇ ಕಲ್ತಿದ್ದ, ಹಾಜ್ರಿ ಕೂಗೋವಾಗ. ‘ಅಂಜನ್ ಕುಮಾರ್’ ಅಂದ್ರೆ ‘ಎಸ್ ಸಾರ್’ ಬರೋ ಅಷ್ಟ್ರಲ್ಲಿ ಮೇಷ್ಟ್ರು ಮುಂದಿನ ಹೆಸ್ರಿಗೆ ಹೋಗಿರೋರು, ರಿಜಿಸ್ಟರಲ್ಲಿ ಆಬ್ಸೆಂಟು. ಕ್ಲಾಸಲ್ಲಿ ಕೂತ್ಕೊಂಡೇ ವರ್ಷಗಟ್ಲೆ ಆಬ್ಸೆಂಟಾದೋನು.

ಆಟೋ ಹೊರಡ್ತು. ಬಿಸ್ಲು ಬೆಟ್ಟದ ಬಂಡೆ ಮೇಲೆ ಬಿದ್ದು ಊರ್ ಮೇಲಕ್ಕೆ ವಾಪಸ್ ಬರ್ತಿತ್ತು. ಮೈಕ್ ತೊಡೆ ಮೇಲೆ ಇಟ್ಕೊಂಡ. ಬೆವ್ರಿನ ವಾಸ್ನೆ, ಬೀಡಿ ವಾಸ್ನೆ, ಚೌಡಯ್ಯನ ಬಾಯಿ ಮೂವತ್ತು ವರ್ಷ ಉಸ್ರಾಡಿರೋ ಜಾಲರಿ. ಕೊರಟಗೆರೆ ಫೈನಾನ್ಸ್ ಆಫೀಸಿಗೆ ಇಂಟರ್ವ್ಯೂಗೆ ಹೋದಾಗ್ಲೂ ಇಂಗೇ ಫೈಲು ತೊಡೆ ಮೇಲೆ ಇಟ್ಕೊಂಡು ಕೂತಿದ್ದ, ಹೆಸ್ರು ಹೇಳಪ್ಪ ಅಂದಾಗ ಅರ್ಧ ನಿಮಿಷ ಫ್ಯಾನ್ ಸೌಂಡ್ ಮಾತ್ರ. ಮ್ಯಾನೇಜರು ಪಕ್ಕದೋನಿಗೆ, ‘ಇವ್ನನ್ನ ಕಲೆಕ್ಷನ್‌ಗೆ ಕಳ್ಸಿದ್ರೆ ಗಿರಾಕಿನೇ ಸಮಾಧಾನ ಮಾಡಿ ಟೀ ಕುಡ್ಸಿ ಕಳಿಸ್ತಾನೆ,’ ಅಂದಿದ್ದ, ಇವ್ನಿಗೆ ಕಿವಿಯೂ ಇಲ್ವೇನೋ ಅನ್ನೋ ಥರ. ಸಿರಾದ ಬೈಕ್ ಶೋರೂಮಲ್ಲಿ ಮಾಲೀಕ್ರು ಒಳ್ಳೇರು, ಭುಜದ ಮೇಲೆ ಕೈ ಹಾಕಿ, ‘ದೇಖೋ ಬೇಟಾ, ನೀನು ಚೆನ್ನಾಗ್ ಓದಿದೀಯ. ಮಗರ್ ಕಸ್ಟಮರ್ ಮುಂದೆ ನಿಂತ್ರೆ ಪರೇಶಾನ್ ಆಗ್ಬುಡ್ತಾರೆ. ಹಿಂದ್ಗಡೆ ಗಾಡಿ ತೊಳ್ಯೋ ಕಡೆ ಇರು,’ ಅಂದ್ರು. ನಾಲ್ಕು ತಿಂಗ್ಳು ತೊಳ್ದ. ಬಿ.ಕಾಂ ಫಸ್ಟ್ ಕ್ಲಾಸು, ಸೈಲೆನ್ಸರ್ ಫಳಫಳ. ಅಲ್ಲೇ ಪೈಪ್ ಬಾಯಿ ಮೈಕ್ ಮಾಡ್ಕೊಂಡು ವಿಲನ್ ಡೈಲಾಗ್ ಹೊಡ್ದಾಗ ಮೆಕ್ಯಾನಿಕ್‌ಗಳು ಶಿಳ್ಳೆ ಹೊಡ್ದಿದ್ದು, ಮಾಲೀಕ್ರು ಬಾಗ್ಲಲ್ಲಿ ನಿಂತು ನೋಡಿ, ‘ಅರೆ! ಇಷ್ಟು ದಿನ ನಾಟಕ ಮಾಡ್ತಿದ್ಯಾ?’ ಅಂದಿದ್ದು. ಆ ಮುಖ ಇವತ್ತಿಗೂ ಮರ್ತಿಲ್ಲ. ಮೋಸ ಹೋದೋನ ಮುಖ. ಮಾತು ಬರ್ದೇ ಇದ್ದಾಗ ಪಾಪ ಅಂದೋರು, ಬಂದಾಗ ಕಳ್ಳ ಅಂದ್ರು.

‘ಸರ್ಕಲ್ ಬಂತು,’ ಅಂದ ಗಂಗಯ್ಯ.

ಅಂಜನ್ ಮೈಕ್ ಸ್ವಿಚ್ ಒತ್ತಿದ. ಭೋಂಗಾ ಕೀಂಯ್ ಅಂತು. ಹೂವಿನೋರು, ಹಣ್ಣಿನೋರು, ಬಸ್ ಕಾಯೋರು ತಲೆ ಎತ್ತಿದ್ರು. ‘ಮ’ ಅನ್ಬೇಕು. ತುಟಿ ಮುಚ್ತು, ಮುಚ್ಚಿದ್ದು ತೆರೀಲಿಲ್ಲ. ಆಂಪ್ಲಿಫೈರು ಅವ್ನ ಮೂಗಿನ ಉಸ್ರನ್ನ ಊರಿಗೆಲ್ಲ ಕೇಳಿಸ್ತಿತ್ತು, ಯಾವುದೋ ದೊಡ್ಡ ಪ್ರಾಣಿ ಬಾಗ್ಲ ಹಿಂದೆ ನಿಂತಂಗೆ. ಹತ್ತು ಸೆಕೆಂಡು. ಹದಿನೈದು. ಸ್ವಿಚ್ ಆಫ್ ಮಾಡ್ದ. ‘ಮುಂದಕ್ಕೋಗವಾ?’ ಅಂದ ಗಂಗಯ್ಯ, ತಿರುಗ್ದೆ. ಅಂಜನ್ ಹೂಂ ಅಂತ ಅವ್ನ ಬೆನ್ನು ತಟ್ಟಿದ. ಹಿಂದಿಂದ ಯಾರೋ, ‘ಏನಂತೆ? ಮೈಕ್ ಟೆಸ್ಟಿಂಗಾ?’ ಅಂತ ಕೂಗಿದ್ರು.

ಪಾವಗಡ ಬಸ್ಸಲ್ಲೂ ಇದೇ ಆಗಿದ್ದು. ಸೋಲಾರ್ ಕಂಟ್ರಾಕ್ಟರ್ ಆಫೀಸು, ಕಂಪ್ಯೂಟರ್ ಮುಂದೆ ಕೂತು ಲೆಕ್ಕ ಟೈಪ್ ಮಾಡೋ ಕೆಲ್ಸ, ಬಾಯಿಗೆ ಡ್ಯೂಟಿನೇ ಇಲ್ಲ, ಹೇಳಿ ಮಾಡ್ಸಿದಂಗೆ. ಹತ್ತೂವರೆಗೆ ಇಂಟರ್ವ್ಯೂ. ಕಂಡಕ್ಟರ್ ಎಲ್ಲಿಗೆ ಅಂದ. ಪ ಬರ್ಲಿಲ್ಲ. ಹಿಂದೆ ಜನ ತಳ್ತಾ ಇದ್ರು, ಕಂಡಕ್ಟರ್ ಸೀಟಿ ಕಚ್ಕೊಂಡು ಹುಬ್ಬು ಎತ್ತಿದ, ಬಾಯಿಗೆ ಸಿಕ್ಕಿದ್ದು ‘ಮಿಡಿಗೇಶಿ’. ಟಿಕೆಟ್ ಹರ್ದು ಕೊಟ್ಟ. ಮಿಡಿಗೇಶಿ ಬಂದಾಗ ಕೂತೇ ಇದ್ದ, ಇನ್ನೊಂದು ಟಿಕೆಟ್ ತಗೊಂಡ್ರಾಯ್ತು ಅಂತ. ಕಂಡಕ್ಟರು, ‘ಲೇ ಮಿಡಿಗೇಶಿ, ಇಳಿಯಪ್ಪಾ,’ ಅಂತ ಸೀದಾ ಅವ್ನ ಕಡೇನೇ ಬೊಟ್ಟು ಮಾಡಿ ಕೂಗ್ದ. ಇಡೀ ಬಸ್ಸು ನೋಡ್ತು. ಒಂದಕ್ಷರ, ಪ, ಅದನ್ನ ಹೇಳಕ್ಕಿಂತ ಇಳಿಯೋದು ಸುಲ್ಭ ಆಗಿತ್ತು. ಇಳ್ದ. ಕೋಟೆ ಬೆಟ್ಟದ ಕೆಳ್ಗೆ ಕಲ್ಲಿನ ಮೇಲೆ ಕೂತು, ಇಸ್ತ್ರಿ ಮಾಡಿದ ಶರ್ಟಲ್ಲಿ, ಕಡಲೆಕಾಯಿ ಹೊಲ ನೋಡ್ತಾ, ಬಸ್ಸು ಎಬ್ಬಿಸಿದ ಧೂಳು ಕೂರೋದನ್ನ ನೋಡ್ದ. ಮುಂದಿನ ಬಸ್ಸಲ್ಲಿ ಹೋಗಿ ತಲುಪ್ದಾಗ ಹನ್ನೊಂದೂ ಮುಕ್ಕಾಲು. ಅಲ್ಲಿದ್ದ ಯಜಮಾನ್ರು ಗಡಿಯಾರ ನೋಡಿ, ‘ಏಮಪ್ಪಾ, ಯಾಕ್ ಲೇಟು?’ ಅಂದ್ರು. ಯಾಕ್ ಲೇಟು ಅಂತ ಹೇಳಕ್ಕೆ ಮತ್ತೆ ಅದೇ ಪ ಬೇಕಿತ್ತು. ‘ಮಾಟ ರಾದಾ? ಮಾತೇ ಬರಲ್ವಾ? ಪೋನೀಲೇ ಬುಡು, ಫೋನ್ ಬಂದ್ರೆ ಎತ್ತೋರು ಯಾರು ಇಲ್ಲಿ?’ ಅಂತ ಫೈಲು ವಾಪಸ್ ಕೊಟ್ಟಿದ್ರು. ಅಮ್ಮಂಗೆ ಇಂಟರ್ವ್ಯೂ ಕ್ಯಾನ್ಸಲ್ ಆಯ್ತು ಅಂತ ಬರ್ದು ತೋರ್ಸ್ದ.

ಅಮ್ಮನೇ ಆಮೇಲೆ ಸರ್ಟಿಫಿಕೇಟಿನ ಹಿಂದೆ ಬಿದ್ದಿದ್ದು. ಅಂಗವಿಕಲರ ಕ್ಯಾಂಪು, ಶಾಮಿಯಾನ, ಕ್ಯೂ. ಸರ್ಟಿಫಿಕೇಟ್ ಇದ್ರೆ ಕೋಟಾದಲ್ಲಿ ಕೆಲ್ಸ ಅಂತ ಯಾರೋ ಹೇಳಿದ್ರು. ಮುಂದೆ ಕಾಲಿಲ್ದೋರು, ಕಣ್ಣಿಲ್ದೋರು, ಎಲ್ರೂ ಇವ್ನ ಕೈಕಾಲು ಮೇಲಿಂದ ಕೆಳಗೆ ನೋಡೋರು, ಇವ್ನಿಗೇನಾಗೈತೆ ಧಾಡಿ ಅನ್ನಂಗೆ. ಮೂರು ಗಂಟೆ ನಿಂತ. ಡಾಕ್ಟ್ರು ತಲೆ ಎತ್ತದೆ, ‘ಏನ್ ಪ್ರಾಬ್ಲಮ್ಮು, ಹೇಳಿ,’ ಅಂದ್ರು. ಜೀವ್ನದಲ್ಲಿ ಒಂದೇ ಸಲ ತೊದ್ಲಿದ್ರೆ ಲಾಭ ಇತ್ತು, ಒಂದೇ ಸಲ. ಆದ್ರೆ ಹಿಂದೆ ಕ್ಯೂ, ಮುಂದೆ ಬಿಳಿ ಕೋಟು, ಪಕ್ಕದಲ್ಲಿ ವಾಕ್ಯ ಪೂರ್ತಿ ಮಾಡಕ್ಕೆ ಬಾಯಿ ತೆರ್ದಿರೋ ಅಮ್ಮ, ಆ ಅವಮಾನ ತಡ್ಕೊಳ್ಳಕ್ಕಾಗ್ದೆ, ಅಭ್ಯಾಸಬಲ, ವಿಲನ್ ಎದ್ದು ಬಂದ್ಬುಟ್ಟ: ‘ಪ್ರಾಬ್ಲಮ್ಮಾ? ಈ ಗಂಡಿಗೆ ಪ್ರಾಬ್ಲಮ್ಮೇ ಇಲ್ಲ ಡಾಕ್ಟ್ರೇ. ಮಾತೇ ನನ್ನ ಕಂಡ್ರೆ ಹೆದರ್ಕೊಂಡು ಓಡೋಗ್ತೈತೆ!’ ಇಡೀ ಶಾಮಿಯಾನ ನಕ್ತು. ಡಾಕ್ಟ್ರೂ ನಕ್ಕು, ಪೆನ್ನಿನ ಟೋಪಿ ಹಾಕಿ, ‘ಒಳ್ಳೇ ಮಿಮಿಕ್ರಿ ಮಾಡ್ತೀಯ. ನೆಕ್ಸ್ಟ್,’ ಅಂದ್ರು. ಮನೆ ಬಾಗ್ಲಿಗೆ ಬಂದ್ಮೇಲೆ ಅಮ್ಮ, ‘ನಂಗ್ ಮಾತ್ರ ತೊದ್ಲಿ ತೋರಿಸ್ತೀಯಲ್ಲೋ,’ ಅಂದ್ಲು. ಆಫೀಸ್ನೋರಿಗೆ ಮಾತು ಬರ್ದೋನು, ಡಾಕ್ಟ್ರಿಗೆ ಮಾತು ಬರೋನು. ಅದಾದ್ಮೇಲೇ ಮೊಟ್ಟೆ ಟ್ರೇ ಅಂಟ್ಸಿದ್ದು. ಯಾರೂ ಕೆಲ್ಸ ಕೊಡ್ದಿದ್ರೆ ನಮ್ದೇ ಪ್ರೊಡಕ್ಷನ್ನು ಅಂತ ಅಮ್ಮಂಗೆ ಹೀರೋ ವಾಯ್ಸಲ್ಲಿ ಹೇಳ್ದಾಗ ಅಮ್ಮ ನಗ್ಲಿಲ್ಲ.

ದಂಡಿನ ಮಾರಮ್ಮನ ಗುಡಿ ಹಿಂದ್ಗಡೆ ಬೀದಿ. ಇಲ್ಲಿಂದ ಬೆಟ್ಟ ಹತ್ರ, ಬಂಡೆ ಎದೆಗೇ ಬಂದು ನಿಂತಂಗೆ. ಗಂಗಯ್ಯ ಇಂಜಿನ್ ಆಫ್ ಮಾಡ್ದ. ಗಡಿಯಾರ ಹನ್ನೊಂದು. ‘ನೋಡ್ಲಾ,’ ಅಂದ, ಈ ಸಲ ಮೆತ್ತಗೆ. ‘ನಾನಾದ್ರೂ ಯೋಳ್ತಿದ್ದೆ. ನಂಗೆ ಓದಕ್ಕ್ ಬರಾಕಿಲ್ಲ. ಆ ಮುದ್ಕ ಅಲ್ಲಿ ಮಲ್ಗವ್ನೆ, ಜನ ಇಲ್ದೆ ಮಣ್ಣ್ ಆಗ್ಬಾರ್ದು. ನೀನ್ ಯಾರ್ ವಾಯ್ಸಲ್ಲಾನಾ ಯೋಳು. ಭುವನಂಗೆ ನಾನ್ ಯೋಳ್ಕತೀನಿ.’

ಜನ ಇಲ್ದೆ ಮಣ್ಣು. ಅದು ಇವ್ನ ತಲೇಗೆ ಬಂದಿರ್ಲಿಲ್ಲ. ಊರಿನ ಪ್ರತಿ ಹೆಣಕ್ಕೂ ಜನ ಸೇರ್ಸಿದೋನ ಹೆಣಕ್ಕೆ ನಾಲ್ಕು ಜನ, ಯಾಕಂದ್ರೆ ಒಬ್ಬಂಗೆ ಚ ಬರ್ಲಿಲ್ಲ. ವಿಲನ್ ಗಂಟ್ಲಲ್ಲಿ ಕೆಮ್ಮಿದ, ನಾನ್ ರೆಡಿ ಅನ್ನಂಗೆ. ಹೀರೋ ಅಮ್ಮನ ವಾಯ್ಸು ಸೆರಗು ಸರಿ ಮಾಡ್ಕೊಂಡ್ತು. ಅವ್ರೆಲ್ರಿಗಿಂತ ಮುಂದೆ, ಮೂಗಲ್ಲಿ, ತಣ್ಣಗೆ, ಚೌಡಯ್ಯ ನಿಂತಿದ್ದ: ನನಗಿಂತ ಚೆನ್ನಾಗಿ ಯೋಳ್ತೀಯ ಕಣ್ಲಾ. ಅಂಜನ್ ಸ್ವಿಚ್ ಒತ್ತಿದ. ಒತ್ತಿದ್ದನ್ನ ಬಿಡ್ಬಾರ್ದು ಅಂತ ಹೆಬ್ಬೆಟ್ಟನ್ನ ಇನ್ನೊಂದು ಕೈಲಿ ಅದುಮ್ಕೊಂಡ.

‘ಮ… ಮ್ಮ… ಮಧುಗಿರಿ ಮ… ಮ… ಮಹಾ…’

ಬಂಡೆ ಅದನ್ನ ತಗೊಂಡು ವಾಪಸ್ ಕೊಡ್ತು. ಮ, ಮ, ಮ. ಅವ್ನು ಒಂದ್ಸಲ ತೊದ್ಲಿದ್ರೆ ಬೆಟ್ಟ ಇನ್ನೊಂದ್ಸಲ. ಬಾಗ್ಲುಗಳು ತೆಗೆದ್ವು. ಬಂತು ನಗು, ಈಗ ಬಂತು ಅಂತ ಕತ್ತು ಒಳಕ್ಕೆ ಎಳ್ಕೊಂಡ. ಆದ್ರೆ ಹೆಬ್ಬೆಟ್ಟು ಬಿಡ್ಲಿಲ್ಲ. ‘ಮ… ಮೈಕ್… ಚ… ಚ… ಚ್ಚ…’ ಎದೆ ಏಳ್ತು, ಉಸ್ರು ಒಡೀತು, ಸೊಂಯ್ಯಂತ ಮೂಗಲ್ಲಿ ಗಾಳಿ ಎಳ್ಕೊಂಡ, ಕಣ್ಣಲ್ಲಿ ಒತ್ತಡಕ್ಕೆ ನೀರು ತುಂಬ್ತು. ‘ಚೌ… ಚೌ… ಚೌಡಯ್ಯ. ಚೌಡಯ್ಯ ನ… ನವರು. ಇವತ್ತು. ಬ… ಬ… ಬೆಳಿಗ್ಗೆ…’

ಎದ್ರು ಮನೆ ಜಗ್ಲಿ ಮೇಲೆ ಸೊಪ್ಪು ಸೋಸ್ತಿದ್ದ ಕೆಂಚಮ್ಮಜ್ಜಿ ಕೈ ನಿಲ್ಸಿದ್ಲು. ಸೆರಗು ಬಾಯಿಗೆ ಹೋಯ್ತು. ‘ಅಯ್ಯೋ ಶಿವ್ನೇ,’ ಅಂದ್ಲು. ‘ಮೈಕಿನ್ ಚೌಡಯ್ಯ ಓದ್ನಂತೆ ಕಣ್ರೇ. ಈ ಮಗ ನೋಡ್ರೇ, ಎಂಗ್ ಅಳ್ತೈತೆ. ಮಾತೇ ಒರಡ್ತಿಲ್ಲ ಕೂಸ್ಗೆ.’ ಪಕ್ಕದ್ ಮನೆಯೋಳು ಕಣ್ಣು ಒರ್ಸ್ಕೊಂಡ್ಲು. ಗಂಡಸ್ರು ಟವಲ್ ಹೆಗಲಿಂದ ತೆಗೆದ್ರು. ಯಾರೋ ಆಟೋ ಹತ್ರ ಬಂದು ಇವ್ನ ಮೊಣಕೈ ಹಿಡ್ಕೊಂಡು, ‘ಸಮಾಧಾನ ಮಾಡ್ಕೊಳಪ್ಪಾ. ಒಳ್ಳೇ ಸಾವು,’ ಅಂದ್ರು.

ಅಂಜನ್ ಹೆಬ್ಬೆಟ್ಟು ಸಡಿಲ ಮಾಡ್ದ. ಅಳ್ತಾ ಇರ್ಲಿಲ್ಲ ಅವ್ನು. ಬೆಳಿಗ್ಗೆಯಿಂದ ಒಂದು ಹನಿ ಬಂದಿರ್ಲಿಲ್ಲ, ಬರ್ಲಿಲ್ವಲ್ಲ ಅಂತ ಆಟೋದಲ್ಲಿ ಒಂದ್ಸಲ ಅನ್ಕೊಂಡಿದ್ದ ಕೂಡ. ಗಂಗಯ್ಯ ಕನ್ನಡೀಲಿ ನೋಡ್ದ. ಗಂಗಯ್ಯಂಗೆ ಗೊತ್ತು. ಆದ್ರೆ ಗಂಗಯ್ಯಾನೂ ಮೂಗು ಒರ್ಸ್ಕೊಂಡು ಗಾಡಿ ಸ್ಟಾರ್ಟ್ ಮಾಡ್ದ. ಬೀದಿ ಬೀದೀಲೂ ಅದೇ. ಮ… ಮ… ಚ… ಚ… ಬಾಗ್ಲು, ಸೆರಗು, ಅಯ್ಯೋ. ನಾಲ್ಕ್ನೇ ಬೀದಿ ಹೊತ್ಗೆ ಮಾತು ಸ್ವಲ್ಪ ಸಲೀಸಾಗ್ತಾ ಬಂತು, ಒಂದು ಸಲ ‘ಚೌಡಯ್ಯನವರು’ ಅಂತ ಸೀದಾ ಬಂದ್ಬುಡ್ತು, ಆ ಬೀದೀಲಿ ಯಾರೂ ಹೊರಕ್ಕೆ ಬರ್ಲಿಲ್ಲ. ಐದ್ನೇ ಬೀದೀಲಿ ಅಂಜನ್‌ಗೆ ತನ್ನ ಮೇಲೆ ತನಗೇ ಅನುಮಾನ ಬಂತು. ಈಗ ಬಂದ ಆ ‘ಚ… ಚ’ ತಾನಾಗೇ ಬಂತಾ, ನಾನ್ ತಂದ್ನಾ? ಗೊತ್ತಾಗ್ಲಿಲ್ಲ. ಇಪ್ಪತ್ತಾರು ವರ್ಷ ಯಾವುದು ಒಂದು ಅವ್ನದು ಅಂತ ಗ್ಯಾರಂಟಿ ಇತ್ತೋ, ಆ ತೊದ್ಲು ಕೂಡ ಈಗ ಪಾತ್ರ ಆಗ್ತಿತ್ತೇನೋ.

ಜನ ಬಂದ್ರು. ಸ್ಮಶಾನದಲ್ಲಿ ನಿಲ್ಲಕ್ಕೆ ಜಾಗ ಇರ್ಲಿಲ್ಲ. ಟೊಮೇಟೊ ಕದಿರಯ್ಯ ಗಾಡಿ ಬಿಟ್ಟು ಬಂದಿದ್ದ, ಕೊಡಿಗೇನಹಳ್ಳಿಯಿಂದ ಒಂದು ಟೆಂಪೋ, ಕೊರಟಗೆರೆ ಕಡೆಯಿಂದ ಎರಡು ಕಾರು. ಯಾರೋ ಬುದ್ಧನ ಸಣ್ಣ ಫೋಟೋ ಚೌಡಯ್ಯನ ತಲೆ ಹತ್ರ ಇಟ್ಟಿದ್ರು. ಮುಖ ಬೀಡಿ ಹಚ್ಚೋಕ್ ಮುಂಚೆ ಇರೋ ಥರಾನೇ ಇತ್ತು, ಸ್ವಲ್ಪ ಬೆಟ್ಟದ ಕಡೆ ತಿರುಗಿ. ಅಂಜನ್ ಹತ್ರ ಹೋಗಿ ನಿಂತ. ಸಾರಿ ಅಂತ ಒಂದು ಮಾತು. ಬೇರೆ ಹೊತ್ತಲ್ಲಾದ್ರೆ ಸ ಅವ್ನಿಗೆ ಕಷ್ಟದ ಅಕ್ಷರ ಅಲ್ಲ, ಇವತ್ತು ಬಂದ್ರೂ ಬರ್ತಿತ್ತು. ಆದ್ರೆ ಸುತ್ತ ಇದ್ದೋರೆಲ್ಲ ಅವ್ನ ಬಾಯಿ ಕಡೇನೇ ನೋಡ್ತಿದ್ರು, ಮೈಕಲ್ಲಿ ಅತ್ತ ಹುಡುಗ ಈಗ ಹೆಂಗ್ ಅಳ್ತಾನೋ ಅಂತ ಜಾಗ ಬಿಟ್ಕೊಟ್ಟು. ಬಾಯಿ ಮುಚ್ಕೊಂಡು ಒಂದು ಹಿಡಿ ಮಣ್ಣು ಹಾಕಿ ಹಿಂದಕ್ಕೆ ಬಂದ. ಭುವನಾ ಅವ್ನ ಕಡೆ ನೋಡಿದ್ಲು. ಕೆಂಪು ಬಟ್ಟೆ ಸುತ್ತಿದ ಮೈಕನ್ನ ವಾಪಸ್ ಕೊಡಕ್ಕೆ ಹೋದಾಗ ತಗೊಳ್ಲಿಲ್ಲ. ‘ನಿಂಗೇ ಇರ್ಲಿ,’ ಅಂದ್ಲು. ‘ಇನ್ಮೇಲೆ ನಿಂಗೇ ಬೇಕಾಗ್ತೈತೆ.’ ಅದು ಶಿಕ್ಷೇನಾ, ಮರ್ಯಾದೇನಾ ಅಂತ ಈಗ್ಲೂ ಗೊತ್ತಾಗ್ಲಿಲ್ಲ.

ಗೇಟ್ ಹತ್ರ ಒಬ್ರು ಅಡ್ಡ ನಿಂತ್ರು. ಬಿಳಿ ಪಂಚೆ, ಜೇಬಲ್ಲಿ ಎರಡು ಪೆನ್ನು. ‘ನಾನು ಚನ್ನಮಲ್ಲಯ್ಯ ಅಂತ, ಕೊರಟಗೆರೆ. ಚೌಡಯ್ಯ ನಮ್ಮಪ್ಪನ ಸಾವು, ನಮ್ ದೊಡ್ಡಪ್ಪಂದು ಎಲ್ಲ ಹೇಳ್ದೋನು,’ ಅಂದ್ರು. ‘ಇವತ್ತು ಗುಡಿ ಹತ್ರ ಕೇಳಿಸ್ಕೊಂಡೆ, ನೀನು ಮಾಡ್ದಲ್ಲಪ್ಪಾ, ಅಂಥಾದ್ದು ನಾನ್ ಎಲ್ಲೂ ಕೇಳಿಲ್ಲ. ಈಗಿನ್ ಕಾಲ್ದಲ್ಲಿ ಯಾರ್ ಅಳ್ತಾರೆ ಅಂಗೆ? ನಮ್ಮತ್ತೆ ಇವತ್ತೋ ನಾಳೆಯೋ ಅನ್ನಂಗವ್ರೆ. ನೀನೇ ಬರ್ಬೇಕು. ಇಂಗೇ, ಒಂದಕ್ಷರ ಹೆಚ್ಚೂ ಬ್ಯಾಡ ಕಮ್ಮಿನೂ ಬ್ಯಾಡ.’

ಕೆಲ್ಸ. ಇದು ಕೆಲ್ಸ. ಇಂಟರ್ವ್ಯೂ ಮುಗ್ದು ಸೆಲೆಕ್ಟ್ ಆಗೋಗಿದ್ದ, ತನ್ನ ಗಂಟ್ಲಲ್ಲೇ. ಇಲ್ಲ ಸಾರ್, ಅಳ್ಲಿಲ್ಲ ನಾನು, ನಂಗೆ ಮಾತು ಬರೋದೇ ಇಂಗೆ ಅಂತ ಹೇಳ್ಬುಡ್ಬೇಕು. ಈಗ್ಲೇ. ಕೊರಟಗೆರೆ, ಸಿರಾ, ಪಾವಗಡ, ಎಲ್ಲೂ ಹೇಳ್ದಿದ್ದನ್ನ ಇಲ್ಲಿ. ‘ನಾನ್ ಸಾರ್… ನಾನು…’ ಅಲ್ಲಿವರ್ಗೂ ಬಂತು. ಮುಂದಿನ ಅಕ್ಷರ ಅ. ಬಾಯಿ ತೆಗ್ದ. ಶಟರ್ ಬಿತ್ತು. ಕತ್ತಿನ ನರ ಉಬ್ತು, ರೆಪ್ಪೆ ಹೊಡ್ಕೊಂಡ್ತು, ಎದೆ ಏಳ್ತಾ ಬೀಳ್ತಾ.

ಚನ್ನಮಲ್ಲಯ್ಯನೋರ ಕಣ್ಣು ತುಂಬ್ಕೊಂಡ್ವು. ‘ಅಳ್ಬ್ಯಾಡಪ್ಪಾ,’ ಅಂದು ತಬ್ಕೊಂಡು ಬೆನ್ನು ತಟ್ಟಿದ್ರು. ‘ಗೊತ್ತಾಯ್ತು, ಗೊತ್ತಾಯ್ತು.’ ಅವ್ರ ಭುಜದಾಚೆ ಬೆಟ್ಟ ಕಾಣ್ತಿತ್ತು. ಬೀಡಿ ಹಚ್ಚೋರು ಯಾರೂ ಇರ್ಲಿಲ್ಲ.

ತಬ್ಕೊಂಡಿದ್ದನ್ನ ಬಿಟ್ಟು, ಮ್ಯಾಲಿನ ಜೇಬಿಂದ ಫೋನ್ ತೆಗ್ದು, ‘ನಂಬರ್ ಆಟೋದೋನು ಕೊಟ್ಟ. ಹೆಸ್ರೇನಪ್ಪಾ?’ ಅಂದ್ರು. ಮತ್ತೆ ಅ. ವಿಲನ್ ಆಗಿದ್ರೆ ಸ್ಮಶಾನ ನಡುಗೋ ಹಂಗೆ ಹೇಳ್ತಿದ್ದ, ಅಂಜನ್ ಕುಮಾರ್, ಹೆಸ್ರು ನೆನಪಿರ್ಲಿ. ಹೊಸ ಮಣ್ಣು ಹತ್ತು ಹೆಜ್ಜೆ ದೂರದಲ್ಲಿತ್ತು. ‘ಪರ್ವಾಗಿಲ್ಲ ಬುಡು, ಕಷ್ಟ ಪಡ್ಬ್ಯಾಡ,’ ಅಂತ ಚನ್ನಮಲ್ಲಯ್ಯ ಕನ್ನಡಕ ಹಣೆಗೆ ಏರ್ಸಿ, ಒಂದೊಂದೇ ಅಕ್ಷರ ಒತ್ತಿ ಸೇವ್ ಮಾಡ್ಕೊಂಡ್ರು. ಸ್ಕ್ರೀನು ಬಿಸ್ಲಿಗೆ ತಿರುಗ್ದಾಗ ಅಂಜನ್‌ಗೆ ಕಾಣಿಸ್ತು.

ಮಧುಗಿರಿ ಅಳೋ ಹುಡ್ಗ.